ವಾಪಸಾತಿ ಗ್ಯಾರಂಟಿ

ಕಾಲೇಜಿಗೆ ಹೊಸದಾಗಿ ಬಂದ ನಿರ್ದೇಶಕರಿಗೆ ಹುಡುಗರು ಇಟ್ಟ ಹೆಸರು ಬಾಣದ ಸಾಹೇಬರು. ಬೋರ್ಡಿನ ಮುಂದೆ ನಿಂತರೆ ಸಾಕು, ಎರಡು ಚೌಕ ಬರೆದು ನಡುವೆ ಬಾಣ ಎಳೆಯುತ್ತಿದ್ದರು. ಈ ಚೌಕ ಕಾಲೇಜು, ಆ ಚೌಕ ಕಂಪನಿ, ಬಾಣದ ಮೇಲೆ ಸಾಗುವುದು ಪ್ರಾಡಕ್ಟು. ಪ್ರಾಡಕ್ಟು ಎಂದರೆ ಡಿಗ್ರಿ ಮುಗಿಸಿದ ಮಕ್ಕಳು. ಮೊದಲು ಅವರು ಬಿಸ್ಕತ್ತಿನ ಕಾರ್ಖಾನೆಯಲ್ಲಿದ್ದರಂತೆ. ಬರುವಾಗ ಬಿಸ್ಕತ್ತನ್ನು ಮಾತ್ರ ಅಲ್ಲಿ ಬಿಟ್ಟು ಬಂದಿದ್ದರು.

ಮಕ್ಕಳನ್ನು ಕೆಲಸಕ್ಕೆ ಕಳಿಸುವ ಹೊಣೆ ಹೊತ್ತಿದ್ದವರು ಅಕೌಂಟ್ಸ್ ಕಲಿಸುವ ಮೇಡಂ. ಸಭೆಯಲ್ಲಿ ಸಾಹೇಬರು ತಮ್ಮ ಯೋಜನೆಯನ್ನು ಬಿಚ್ಚಿದಾಗ ಅವರು ಕನ್ನಡಕ ತೆಗೆದು ಒರೆಸಿಕೊಂಡರು.

"ಗಿರಾಕಿಗೆ ಧೈರ್ಯ ಬರಬೇಕು. ಮೊದಲ ತಿಂಗಳು ಸಂಬಳ ಬೇಡ. ತಿಂಗಳೊಳಗೆ ಹಿಡಿಸದಿದ್ರೆ ವಾಪಸ್ ತಗೋತೀವಿ, ಬದಲಿ ಕೊಡ್ತೀವಿ!"

"ಅವರೇನು ಮಿಕ್ಸಿನಾ ಸರ್?"

"ಮೇಡಂ, ನಿಮ್ಮದು ಹಳೇ ತಲೆ."

"ಹೌದು ಸರ್, ಇಷ್ಟು ವರ್ಷ ಇದರಲ್ಲೇ ಯೋಚನೆ ಮಾಡಿಕೊಂಡು ಬಂದಿದೀನಿ."

ಯಾರೂ ನಗಲಿಲ್ಲ. ನಗುವ ಧೈರ್ಯವಿದ್ದವರು ಸಾಹೇಬರು ಬಂದ ತಿಂಗಳೇ ಕೆಲಸ ಬಿಟ್ಟಿದ್ದರು.

ಮೊದಲ ಕಂತಿನಲ್ಲಿ ಒಂದು ವಿಮಾ ಕಂಪನಿಗೆ ಹೋದವರಲ್ಲಿ ದರ್ಜಿಯ ಮಗಳೂ ಇದ್ದಳು. ಅವಳಿಗೆ ಆಗಲೇ ಒಂದು ಶಾಲೆಯ ಆಫೀಸಿನಲ್ಲಿ ಕೆಲಸ ಸಿಕ್ಕಿತ್ತು. ಒಂದು ಪ್ರಾಡಕ್ಟಿಗೆ ಒಂದೇ ಗಿರಾಕಿ ಎಂದು ಸಾಹೇಬರು ಅದನ್ನು ಬಿಡಿಸಿದರು. ಶಾಲೆ ಸಣ್ಣದು, ಕಂಪನಿ ದೊಡ್ಡದು. ಕಾಲೇಜಿನ ಗೋಡೆಯ ಮೇಲೆ ಹಾಕಲು ಕಂಪನಿಯ ಹೆಸರೇ ಚೆಂದ.

ಕಂಪನಿಯಲ್ಲಿ ಹಳೆಯ ಅರ್ಜಿಗಳು ಬೆಟ್ಟದ ಹಾಗೆ ಬಿದ್ದಿದ್ದವು. ಮಕ್ಕಳು ಕತ್ತೆಯ ಹಾಗೆ ದುಡಿದರು. ಬೆಟ್ಟ ಅರ್ಧ ಕರಗಿತು. ತಿಂಗಳು ತುಂಬುವ ಮುನ್ನಾದಿನ ಅಷ್ಟೂ ಜನರನ್ನು 'ಹೊಂದಿಕೆಯಾಗಲಿಲ್ಲ' ಎಂದು ವಾಪಸ್ ಕಳಿಸಿದರು. ಅಂದೇ ಸಂಜೆ ಬದಲಿ ಮಕ್ಕಳನ್ನು ಕೇಳಿದರು.

"ರಿಪೀಟ್ ಆರ್ಡರ್!" ಎಂದು ಮರುದಿನ ಬೆಳಿಗ್ಗೆ ಸಾಹೇಬರು ಮೇಜು ಕುಟ್ಟಿದರು.

ಮೇಡಂ ಅವರ ಮುಖವನ್ನೇ ನೋಡಿದರು. ತನ್ನ ಮನೆಗೇ ಕನ್ನ ಹಾಕಿದವನಿಗೆ ಏಣಿ ಹಿಡಿದು ನಿಂತ ಮನುಷ್ಯ, ಕಳ್ಳ ಇನ್ನೊಮ್ಮೆ ಬರುತ್ತೇನೆಂದರೆ ಹಿಗ್ಗುತ್ತಿದ್ದಾನೆ! ಇವರನ್ನು ಬೈಯುವುದಕ್ಕೂ ಮನಸ್ಸು ಬರಲಿಲ್ಲ. ಬೈಯಬೇಕಾದರೆ ಎದುರಿಗೆ ಒಂದಿಷ್ಟಾದರೂ ಬುದ್ಧಿ ಇರಬೇಕು.

ದರ್ಜಿಯ ಮಗಳು ಬಾಗಿಲಲ್ಲಿ ನಿಂತಿದ್ದಳು. ಜವಾನ ಯಾರೂ ಹೇಳದೆಯೇ ಕುರ್ಚಿ ತಂದಿಟ್ಟು, ಫ್ಯಾನನ್ನು ಅವಳ ಕಡೆ ತಿರುಗಿಸಿ ಹೋದ.

"ನೀನು ರಿಟರ್ನ್ ಬಂದಿರೋದಲ್ವಾ? ನಿನ್ನ ಮುಖದಲ್ಲಿ ನಗು ಸಾಲದು, ಅದಕ್ಕೇ ಅವರಿಗೆ ಹಿಡಿಸಿಲ್ಲ. ಎರಡು ವಾರ ರಿಪೇರಿ ಕ್ಲಾಸಿಗೆ ಕೂತ್ಕೋ. ಅಲ್ಲೀವರೆಗೆ ಬೇರೆ ಎಲ್ಲಿಗೂ ಕಳಿಸಲ್ಲ," ಎಂದರು ಸಾಹೇಬರು.

ಹುಡುಗಿ ಮೇಡಂ ಕಡೆ ತಿರುಗಿದಳು. "ಮೇಡಂ, ನಾವಿನ್ನೂ ಎದ್ದೇ ಇರಲಿಲ್ಲ, ಮುಂದಿನವರಿಗೆ ಅಂತ ಕೊರಳಿಗೆ ಹಾಕೋ ಐಡಿ ಕಾರ್ಡು ತಂದು ಮೇಜಿನ ಮೇಲಿಟ್ರು. ಪಕ್ಕದ ಮೇಜಿನ ಅಕ್ಕ ಒಬ್ಬರೇ ಗೇಟಿನವರೆಗೂ ಬಂದ್ರು." ಅವಳು ಕುರ್ಚಿಯ ತುದಿಯಲ್ಲಿ ಕೂತಳು. "ಆ ಶಾಲೆ ಕೆಲಸ ಇನ್ನು ಸಿಗಲ್ಲ, ಅಲ್ವಾ?"

"ಕೇಳದೆ ಹೇಗೆ ಗೊತ್ತಾಗುತ್ತೆ? ಏಳು," ಎಂದು ಮೇಡಂ ಚೀಲ ಹೆಗಲಿಗೇರಿಸಿದರು.

"ಮೇಡಂ! ಬದಲಿ ಮಕ್ಕಳು?"

"ಕಂಪನಿಯಲ್ಲಿ ನಡೆದದ್ದನ್ನ ಉಳಿದ ಮಕ್ಕಳಿಗೆಲ್ಲ ಹೇಳಿ ಬಂದಿದೀನಿ ಸರ್. ಯಾರೂ ಹೋಗಲ್ವಂತೆ. ನೀವೇ ಹೋಗಿ, ನಗೋದು ನಿಮಗೆ ಚೆನ್ನಾಗಿ ಬರುತ್ತೆ."

ಶಾಲೆಯ ಮುಖ್ಯೋಪಾಧ್ಯಾಯಿನಿ ಹುಡುಗಿಯನ್ನು ನೋಡಿ ಹುಬ್ಬು ಗಂಟಿಕ್ಕಿದರು. "ಅವತ್ತು ಬೇಡ ಅಂದವಳು ನೀನೇ ಅಲ್ವೇನಮ್ಮಾ? ಕಂಪನಿಗೆ ಅಂತ ಹೋದವಳು ಯಾಕೆ ವಾಪಸ್ ಬಂದೆ?"

ಮೇಡಂ ಬಾಯಿ ತೆರೆಯುವ ಮೊದಲೇ ಹುಡುಗಿ ಹೇಳಿದಳು: "ಇಟ್ಕೊಳ್ಳೋಕೆ ಅಂತ ಅವರು ನಮ್ಮನ್ನ ಕರ್ಕೊಂಡಿರಲೇ ಇಲ್ಲ ಮೇಡಂ. ಪುಕ್ಕಟೆ ಕೊಟ್ರು, ಅವರು ತಗೊಂಡ್ರು."

"ಕೊಟ್ಟವರು ಯಾರು?"

"ನಮ್ಮ ಕಾಲೇಜು."

ಮುಖ್ಯೋಪಾಧ್ಯಾಯಿನಿ ಅಕೌಂಟ್ಸ್ ಮೇಡಂ ಕಡೆ ನೋಡಿದರು. ಮೇಡಂ ತಲೆ ತಗ್ಗಿಸದೆ, "ಹೌದು, ನಾವೇ," ಎಂದರು. ಮುಖ್ಯೋಪಾಧ್ಯಾಯಿನಿ ಮೇಜಿನ ಮೇಲಿದ್ದ ಫೀಸು ರಸೀದಿಗಳ ಕಂತೆಯನ್ನು ಹುಡುಗಿಯ ಮುಂದೆ ಸರಿಸಿದರು.

"ಬಂದವರು ಯಾರೂ ನಿಲ್ಲಲಿಲ್ಲ, ಎಲ್ಲ ಹಾಗೇ ಬಿದ್ದಿದೆ. ಇವತ್ತಿಂದ್ಲೇ ಕೂತ್ಕೋ, ಸಂಬಳಾನೂ ಇವತ್ತಿಂದ್ಲೇ. ತಪ್ಪು ಮಾಡಿದ್ರೆ ಬೈತೀನಿ, ಗೊತ್ತಾಯ್ತಾ?"

"ಬೈರಿ ಮೇಡಂ," ಎಂದಳು ಹುಡುಗಿ, ಕುರ್ಚಿಯನ್ನು ಮೇಜಿನ ಹತ್ತಿರಕ್ಕೆ ಎಳೆದುಕೊಳ್ಳುತ್ತ.