ಪಟ್ಟಿಯ ಕೊನೆಯ ಸಾಲು

ಶೀನಣ್ಣ ಸಾಮಾನಿನ ಪಟ್ಟಿ ಬರೆಯುತ್ತಿದ್ದುದು ಹಳೆಯ ಲಗ್ನಪತ್ರಿಕೆಗಳ ಹಿಂಬದಿಯಲ್ಲಿ. ಸುಲ್ತಾನ್‌ಪೇಟೆಯಲ್ಲಿ ಅಚ್ಚಾದ ದಪ್ಪ ಕಾಗದ ಒದ್ದೆ ಕೈಗೂ ಹರಿಯುವುದಿಲ್ಲ. ಮದುವೆಗಳಿಗಿಂತ ಪತ್ರಿಕೆಗಳೇ ಹೆಚ್ಚು ಬಾಳಿಕೆ ಬಂದದ್ದನ್ನು ಅವನು ಬಸವನಗುಡಿಯ ಎರಡು ಮೂರು ಮನೆಗಳಲ್ಲಾದರೂ ಕಂಡಿದ್ದ. ಮೂವತ್ತೆರಡು ವರ್ಷದಿಂದ ಗಾಂಧಿ ಬಜಾರಿನ ಸುತ್ತಲಿನ ನಲ್ಲಿ, ಸಂಪು, ಮೋಟರುಗಳೆಲ್ಲ ಅವನ ಕೈಯವೇ. ಅವನ ಪ್ರತಿ ಪಟ್ಟಿಯ ಕೊನೆಗೂ ಒಂದೇ ಸಾಲು: 'ಕಾಯುವುದು, ಒಂದು ದಿನ.' ಪೈಪು ಕೂಡಿಸಲು ಹಚ್ಚುವ ಅಂಟು ಒಣಗಲು ಅಷ್ಟು ಬೇಕು. ಅದನ್ನೂ ಅವನು ಸಾಮಾನೆಂದೇ ಎಣಿಸುತ್ತಿದ್ದ.

ಅಪಾರ್ಟ್‌ಮೆಂಟ್ ಕಟ್ಟಿಸುವ ದೊಡ್ಡಬೈರಪ್ಪನವರ ಹಿತ್ತಲಲ್ಲಿ ಈಗ ಈಜುಕೊಳ ಎದ್ದಿತ್ತು. ನೆಲ ಅಗೆದದ್ದಲ್ಲ, ಉಕ್ಕಿನ ಚೌಕಟ್ಟಿಗೆ ದಪ್ಪ ಹಾಳೆ ತೊಡಿಸಿ ನೆಲದ ಮೇಲೇ ನಿಲ್ಲಿಸಿದ, ಎದೆಮಟ್ಟದ ಕೊಳ. ಅದರ ಜೊತೆ ಬಂದಿದ್ದ ಸುಕ್ಕುಸುಕ್ಕಿನ ಹೋಸುಗಳು ಮಡಚಿಕೊಂಡು ಸೋರುತ್ತಿದ್ದವು. ಶುಕ್ರವಾರ ಮೊಮ್ಮಗಳು ಧೃತಿಗೆ ಐದು ತುಂಬುತ್ತಿತ್ತು. ಅಂದೇ ಗಂಗಾಪೂಜೆ. ಅಷ್ಟರೊಳಗೆ ಗಟ್ಟಿ ಪೈಪು ಬೀಳಬೇಕು.

"ಇದನ್ನ ನೆಟ್ಟಗೆ ಮಾಡು ಶೀನ," ಎಂದಿದ್ದರು ದೊಡ್ಡಬೈರಪ್ಪ. "ಚಾಮರಾಜಪೇಟೆ ಅಪಾರ್ಟ್‌ಮೆಂಟ್ ಪೈಪಿನ ಕೆಲಸಾನೂ ನಿಂದೇ. ನನ್ನ ಪಾರ್ಟ್‌ನರ್ ಮನೋಹರ್ ಶುಕ್ರವಾರ ಬಂದು ನಿನ್ನ ಕೈ ನೋಡ್ತಾನೆ."

ನಲವತ್ತು ಮನೆಗಳ ಕಟ್ಟಡ. ಅರವತ್ತು ವರ್ಷದ ಮಂಡಿ ಹೊತ್ತು ಮನೆಮನೆಯ ಸಂಪಿಗೆ ಇಳಿಯುವುದನ್ನು ನಿಲ್ಲಿಸಲು ಶೀನಣ್ಣನಿಗೆ ಬೇರೆ ದಾರಿ ಕಂಡಿರಲಿಲ್ಲ.

ಪಟ್ಟಿಯನ್ನು ಪರೀಕ್ಷಿಸಿದವನು ದೊಡ್ಡಬೈರಪ್ಪನವರ ಮಗ ಅನಿಲ್ ಕುಮಾರ್. ಅವನು ಮೂರು ವಿಡಿಯೋ ನೋಡಿದ್ದ, ಒಂದನ್ನು ಪೂರ್ತಿ.

"ಎರಡಿಂಚು ಪೈಪ್ ಯಾಕೆ ಶೀನಣ್ಣ? ಒಂದೂವರೆ ಸಾಕು ಅಂದ ವಿಡಿಯೋದವನು."

"ಅವನ ಕೊಳಕ್ಕೆ ಸಾಕಾಗಿರಬೋದು ಅನಿಲಪ್ಪ. ಪೈಪು ಸಣ್ಣದಾದ್ರೆ ಮೋಟರಿಗೆ ಏದುಸಿರು. ನೀರು ಸರಿಯಾಗಿ ತಿರುಗದೆ ಪಾಚಿ ಕಟ್ಟುತ್ತೆ."

"ನಾಲ್ಕು ಯೂನಿಯನ್ನು?"

"ನಾಳೆ ಮೋಟರ್ ಕೆಟ್ರೆ ಕೈಯಲ್ಲೇ ಬಿಚ್ಚಕ್ಕೆ. ಇಲ್ಲಾಂದ್ರೆ ಗರಗಸ ತರ್ಬೇಕು."

"ಈ ವಾಲ್ವು? ಮೋಟರ್ ಆಫ್ ಮಾಡಿದ್ರೆ ನೀರು ನಿಲ್ಲಲ್ವಾ?"

"ನಿಲ್ಲಲ್ಲ. ನೀರು ಮೇಲಿದೆ, ಮೋಟರು ಕೆಳಗಿದೆ. ಎಲ್ಲಾದ್ರೂ ಪೈಪ್ ಬಿಟ್ಕೊಂಡ್ರೆ ಕೊಳಾನೇ ಅಂಗಳಕ್ಕೆ ಬರುತ್ತೆ. ವಾಪಸ್ ಹೋಗೋ ಪೈಪು ಮೇಲಿಂದ ಸುರಿಯುತ್ತೆ, ಅದಕ್ಕೆ ಬೇಡ. ಹೊರಗೆ ಬರೋ ಕಡೆ ಒಂದು ಬೇಕೇ ಬೇಕು."

ಅನಿಲ್ ಪೈಪನ್ನು ಕ್ಷಮಿಸಿದ, ಯೂನಿಯನ್ ಎರಡಕ್ಕಿಳಿಸಿದ, ವಾಲ್ವಿಗೆ ಗೀಟು ಎಳೆದ. ಕೊನೆಯ ಸಾಲಿಗೆ ಬಂದಾಗ ನಕ್ಕುಬಿಟ್ಟ.

"ಇದು ಮಾತ್ರ ಯಾವ ಅಂಗಡೀಲೂ ಸಿಗಲ್ಲ ಬಿಡಿ!" ಎಂದು ಅದನ್ನೂ ಹೊಡೆದುಹಾಕಿದ.

ಬಳೇಪೇಟೆಯಿಂದ ಸಾಮಾನು ಬಂತು. ಶೀನಣ್ಣ ತನ್ನ ಚೀಲದಲ್ಲಿದ್ದ ಕೆಂಪು ಹಿಡಿಯ ವಾಲ್ವೊಂದನ್ನು ನೀರು ಹೊರಬರುವ ಕಡೆ ಕೊಳದ ಗೋಡೆಗೆ ಕೂಡಿಸಿದ, ಯಾರನ್ನೂ ಕೇಳಲಿಲ್ಲ. ಗುರುವಾರ ಬೆಳಗಿನ ತಿಂಡಿಗೆ ಮುಂಚೆಯೇ ಎಲ್ಲ ಅಂಟಿಸಿ ಮುಗಿಸಿ, ಅನಿಲ್ ಹೊಡೆದುಹಾಕಿದ್ದ ಒಂದು ದಿನವನ್ನು ಕದ್ದು ಉಳಿಸಿಕೊಂಡ.

ಶುಕ್ರವಾರ ನಸುಕಿಗೆ ಟ್ಯಾಂಕರ್ ಬಂದು ಕೊಳ ತುಂಬಿತು. ಏಳು ಗಂಟೆಗೆ ವಾಸ್ತುವಿನವರು ಬಂದರು. ಹಿತ್ತಲನ್ನು ಒಂದು ಸುತ್ತು ಹಾಕಿ ಮೋಟರಿನ ಮುಂದೆ ನಿಂತವರು, ಯಾರೋ ತೀರಿಹೋದ ಸುದ್ದಿ ಕೇಳಿದವರಂತೆ ತಲೆಯಾಡಿಸಿದರು.

"ಈಶಾನ್ಯದಲ್ಲಿ ಮೋಟರಾ? ಅದು ಬೆಂಕಿ ಸ್ವಾಮಿ. ಆಗ್ನೇಯಕ್ಕೆ ಹೋಗ್ಬೇಕು."

"ಶೀನ, ಎತ್ತಿಡು," ಎಂದರು ದೊಡ್ಡಬೈರಪ್ಪ. ಕುರ್ಚಿ ಎತ್ತಿಡು ಎಂದ ಹಾಗಿತ್ತು.

"ಇಡ್ತೀನಿ ಯಜಮಾನ್ರೇ. ಆದ್ರೆ ಪೈಪ್ ಕತ್ತರಿಸಿ ಹೊಸದಾಗಿ ಅಂಟಿಸ್ಬೇಕು. ಪೂಜೆ ಇವತ್ತೇ ಆಗ್ಲಿ, ಮೋಟರ್ ನಾಳೆ ಹಾಕಣ."

"ನಾಳೆ ಅಷ್ಟಮಿ. ಇವತ್ತು ಹತ್ತೂವರೆಗೆ ರಾಹುಕಾಲ. ಒಂಬತ್ತು ನಲವತ್ತಕ್ಕೆ ನೀರು ಓಡಲೇಬೇಕು," ಎಂದರು ವಾಸ್ತುವಿನವರು.

ಅಂಟಿಗೆ ರಾಹುಕಾಲ ತಿಳಿಯದು, ಗಂಟೆ ಮಾತ್ರ ತಿಳಿಯುತ್ತದೆ. ಇದನ್ನು ಹೇಳಲು ಶೀನಣ್ಣ ಬಾಯಿ ತೆರೆದದ್ದೇನೋ ನಿಜ. ಅಷ್ಟರಲ್ಲಿ ಗೇಟಿನ ಬಳಿ ಮನೋಹರನ ಕಾರು ಬಂದು ನಿಂತಿತು. ಶೀನಣ್ಣ ಗರಗಸ ಎತ್ತಿಕೊಂಡ.

ಒಂಬತ್ತಕ್ಕೆ ಪೈಪು ತಿರುಗುವ ಮೂಲೆಯ ಕೊನೆಯ ಎಲ್ಬೋ ಅಂಟಿಸಿ ಎದ್ದಾಗ, ಫೋಟೋಗೆ ಅಡ್ಡ ಬರುತ್ತೀಯೆಂದು ಅವನನ್ನು ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ನಿಲ್ಲಿಸಿದರು. ದೊಡ್ಡಬೈರಪ್ಪನವರ ಹೆಂಡತಿ ಪಿಳ್ಳಮ್ಮ ನೀರಿಗೆ ಅರಿಶಿನ ಕುಂಕುಮ ಬಿಟ್ಟು ಕೈಮುಗಿದರು. ಶೀನಣ್ಣ ವಾಲ್ವು ತೆರೆದು ಕಲ್ಲಿಗೆ ಮರಳಿದ ಮೇಲೆ ಅನಿಲ್ ಸ್ವಿಚ್ ಒತ್ತಿದ. ನೀರು ಓಡಿತು, ಚಪ್ಪಾಳೆ ಬಿತ್ತು, ಧೃತಿ ಕುಣಿದಳು. ಮೂರು ನಿಮಿಷಕ್ಕೆ ಮೋಟರಿನ ಪಕ್ಕದ ಹೊಸ ಎಲ್ಬೋ ಟಪ್ಪೆಂದು ಕಳಚಿ, ಪುರೋಹಿತರ ಮಡಿಯನ್ನೂ ಮನೋಹರನ ಬಿಳಿ ಪ್ಯಾಂಟನ್ನೂ ಒಂದೇ ಏಟಿಗೆ ತೋಯಿಸಿತು. ಯಾರೋ ಮೋಟರ್ ಆರಿಸಿದರು. ನೀರು ನಿಲ್ಲಲಿಲ್ಲ. ಹೆಂಗಸರು ಸೀರೆ ಎತ್ತಿಕೊಂಡು ಮೆಟ್ಟಿಲು ಹತ್ತಿದರು.

"ಅನಿಲಪ್ಪಾ! ಕೆಂಪು ಹಿಡಿ! ಅಡ್ಡ ತಿರುಗ್ಸು!" ಶೀನಣ್ಣ ಕಲ್ಲಿನ ಬಳಿಯಿಂದ ಕೂಗಿದ.

ಅನಿಲ್ ತಿರುಗಿಸಿದ. ನೀರು ನಿಂತಿತು.

"ವಾಲ್ವ್ ಹಾಕ್ಸಿದ್ದು ಒಳ್ಳೇದಾಯ್ತು ಕಣಯ್ಯ," ಎಂದ ಮನೋಹರ್, ಪ್ಯಾಂಟು ಹಿಂಡಿಕೊಳ್ಳುತ್ತ. "ಎಂಥಾ ಸಮಯಕ್ಕೆ ಹೊಳೀತು ನಿಂಗೆ!"

"ಅದೆಲ್ಲ ಮುಂಚೆನೇ ಯೋಚ್ನೆ ಮಾಡ್ಬೇಕಲ್ವಾ ಅಂಕಲ್," ಎಂದ ಅನಿಲ್.

ಗಂಗೆ ಉಕ್ಕುವುದು ಶುಭ ಎಂದರು ಪುರೋಹಿತರು, ಒದ್ದೆ ಪಂಚೆಯಲ್ಲೇ. ದೊಡ್ಡಬೈರಪ್ಪ ದನಿ ತಗ್ಗಿಸಿ, ಆದರೆ ಎಲ್ಲರಿಗೂ ಕೇಳುವಷ್ಟೇ ತಗ್ಗಿಸಿ, "ಶೀನಂಗೂ ವಯಸ್ಸಾಯ್ತು. ಕೈ ಹಿಡಿತ ಹೋಗಿದೆ," ಎಂದರು.

"ಪಾಪ, ಬೈಬೇಡಿ. ಊಟ ಮಾಡ್ಕೊಂಡ್ ಹೋಗ್ಲಿ," ಎಂದರು ಪಿಳ್ಳಮ್ಮ.

ಕತ್ತರಿಸಲು ಹೇಳಿದವರಾರು ಎಂದು ಕೇಳಬಹುದಿತ್ತು. ಆದರೆ ಕತ್ತರಿಸಿದ ಕೈ ಯಾರದೆಂದು ಅವರು ತಿರುಗಿ ಕೇಳಿದ್ದರೆ? ಶೀನಣ್ಣ ಹೋಳಿಗೆ ಊಟ ಮಾಡಿಕೊಂಡೇ ಹೋದ. ಹೋಳಿಗೆ ಚೆನ್ನಾಗಿತ್ತು, ಅದೂ ಅವನಿಗೆ ಸಿಟ್ಟು ತರಿಸಿತು.

ಹದಿನೈದು ದಿನದ ಮೇಲೆ ಅನಿಲ್ ಕರೆಸಿದ. ಅಪಾರ್ಟ್‌ಮೆಂಟ್ ಕೆಲಸ ಶಶಿಕುಮಾರ್ ಎಂಬ ಹೊಸ ಕಂಟ್ರಾಕ್ಟರಿಗೆ ಹೋಗಿತ್ತು.

"ಹುಡುಗ ಚುರುಕು. ಅನುಭವ ಸ್ವಲ್ಪ ಕಮ್ಮಿ," ಎಂದ ಅನಿಲ್. "ಯಾವ ಪೈಪು, ವಾಲ್ವ್ ಎಲ್ಲೆಲ್ಲಿ ಬರ್ಬೇಕು, ನಿಮ್ಮ ಸ್ಟೈಲಲ್ಲಿ ಒಂದು ಪಟ್ಟಿ ಬರ್ಕೊಟ್ಬಿಡಿ ಶೀನಣ್ಣ. ಮನೆಯವರ ಥರ ನೀವು."

ಬರೆಯಲು ಕೊಟ್ಟದ್ದು ಧೃತಿಯ ಹುಟ್ಟುಹಬ್ಬದ ಉಳಿದ ಕಾರ್ಡು. ಶೀನಣ್ಣ ಅದನ್ನು ತಿರುಗಿಸಿ, ಅರ್ಧ ಗಂಟೆ ಕೂತು, ಒಂದು ಯೂನಿಯನ್ನೂ ಬಿಡದೆ ಬರೆದ. ಅಭ್ಯಾಸಬಲದಿಂದ ಕೊನೆಯ ಸಾಲೂ ಬಂತು. ಅದನ್ನು ಸ್ವಲ್ಪ ಹೊತ್ತು ನೋಡಿ, ತಾನೇ ಅಡ್ಡ ಗೀಟು ಎಳೆದು ಕೊಟ್ಟ.

"ಇದೇನು, ಬರ್ದು ಹೊಡ್ದಿದೀರ?"

"ಅಂಗಡೀಲಿ ಸಿಗಲ್ಲ ಸಾರ್."

ಎತ್ತಿ ಆಡಿಸಿದ ಮಗುವನ್ನು ಶೀನಣ್ಣ ಸಾರ್ ಎಂದದ್ದು ಅದೇ ಮೊದಲು. ಅನಿಲ್‌ಗೆ ಅದು ಹಿಡಿಸಿತು. ಪಟ್ಟಿಯನ್ನು ಮಡಿಸಿ ಜೇಬಿಗಿಟ್ಟುಕೊಂಡ.