ಪೋರ್ಚುಗಲ್ಲಿಗೆ ಹೋಗುವವರ ಕೋಟು

ನಾನು ಒಂದು ಉಣ್ಣೆಯ ಕೋಟು. ಹುಟ್ಟಿದ್ದು ಮಂಗಳೂರಿನಲ್ಲಿ. ಇಷ್ಟು ಹೇಳಿದರೆ ಸಾಕು, ಕೇಳಿದವರು ನಗಲು ಶುರುಮಾಡುತ್ತಾರೆ. ವರ್ಷವಿಡೀ ಬೆವರು ಒರೆಸಿಕೊಳ್ಳುವ ಊರಿನಲ್ಲಿ ಉಣ್ಣೆಯ ಕೋಟಿಗೇನು ಕೆಲಸ? ನಗಲಿ, ನನಗೇನೂ ಬೇಸರವಿಲ್ಲ. ಆ ಊರಿನ ಯಾವ ರೇಷ್ಮೆ ಸೀರೆಯೂ, ಯಾವ ಸಫಾರಿ ಸೂಟೂ ನನ್ನಷ್ಟು ಸಲ ವಿಮಾನ ಹತ್ತಿಲ್ಲ.

ನನ್ನನ್ನು ಹೊಲಿದವರು ಕಜೆತಾನ್ ಲೋಬೊ. ಕುಲಶೇಖರದಲ್ಲಿ ಅವರದೊಂದು ಟೈಲರ್ ಅಂಗಡಿ. ಮದುವೆಯ ಸೂಟು, ಶಾಲೆಯ ಯೂನಿಫಾರ್ಮು, ಪಾದ್ರಿಗಳ ನಿಲುವಂಗಿ, ಎಲ್ಲವನ್ನೂ ಹೊಲಿದಿದ್ದ ಅವರಿಗೆ ಚಳಿ ದೇಶದ ಕೋಟು ಹೊಲಿಯುವ ಯೋಗ ಮಾತ್ರ ಬಂದಿರಲಿಲ್ಲ. ಅವರ ಮದುವೆಯ ಬೆಳ್ಳಿಹಬ್ಬದ ವರ್ಷ ಚರ್ಚಿನವರು ಪೋರ್ಚುಗಲ್ಲಿಗೆ ಒಂದು ತಂಡ ಕಟ್ಟಿದರು. ಮೊದಲು ಫಾತಿಮಾ ಮಾತೆಯ ಯಾತ್ರೆ, ಆಮೇಲೆ ಲಿಸ್ಬನ್, ಪೋರ್ಟೊ ನೋಡಿಕೊಂಡು ಬರುವುದು. ಕಜೆತಾನರು ಗಂಡಹೆಂಡತಿ ಇಬ್ಬರ ಹೆಸರನ್ನೂ ಕೊಟ್ಟರು. ಮುಂಬೈಯಿಂದ ಬೂದು ಬಣ್ಣದ ದಪ್ಪ ಬಟ್ಟೆ ತರಿಸಿದರು, ಎರಡು ಕೋಟಿಗೆ ಆಗುವಷ್ಟು. ಮೊದಲು ಕತ್ತರಿ ಹಾಕಿದ್ದು ಹೆಂಡತಿಯ ಕೋಟಿಗೆ, ಅಂದರೆ ನನಗೆ.

ಹೆಂಡತಿಯ ಹೆಸರು ಸೆವ್ರಿನ್. ವಾರ್ಡಿನವರಿಗೆಲ್ಲ, ಅಕ್ಕ ಅನ್ನುವ ಹಾಗೆ, ಸೆವ್ರಿನ್ ಬಾಯಿ. ಅವರು ಅಂಗಡಿಗೆ ಊಟ ತಂದಾಗ ಗಂಡ ಆಗಲೇ ಬಟ್ಟೆ ಕತ್ತರಿಸುತ್ತಿದ್ದರು.

"ಅಳತೆ ತೆಗೀಲೇ ಇಲ್ವಲ್ಲ ನೀವು?"

"ಟೇಪು ಗಿರಾಕಿಗಳಿಗೆ. ನಿನಗೆ ಎಂತಕ್ಕೆ?"

ಬಾಯಿ ಬುತ್ತಿಯ ಮುಚ್ಚಳ ತೆಗೆಯುತ್ತ ನಕ್ಕರು. ನಾನು ಕೇಳಿದ ಮೊದಲ ನಗು ಅದು. ಹೊಲಿಗೆಯ ಒಳಗೆ ಧಾರಾಳವಾಗಿ ಬಟ್ಟೆ ಬಿಟ್ಟು, ರೇಷ್ಮೆಯ ಲೈನಿಂಗ್ ಕೊಟ್ಟು, ಒಂದೊಂದು ಗುಂಡಿಯ ಕಾಜಾವನ್ನೂ ಕೈಯಲ್ಲೇ ಹೊಲಿದು ಕಜೆತಾನರು ನನ್ನನ್ನು ಮುಗಿಸಿದರು. ಬಾಯಿಯ ಮೈಮೇಲೆ ನಾನು ಕೂತ ಚೆಂದ ನೋಡಿ ಪಕ್ಕದ ಬೇಕರಿಯವರು ಕೂಡ ಹೊರಗೆ ಬಂದು ನಿಂತರು.

ಆ ವಾರವೇ ಕಜೆತಾನರಿಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು ಹೋದವು. ಮಾತು ಉಳಿಯಿತು, ಆದರೆ ತೊದಲು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಜೀವಮಾನವೆಲ್ಲ ಕತ್ತರಿ ಹಿಡಿದು ಪಳಗಿದ ಕೈ ಒಂದು ಬೆಳಿಗ್ಗೆ ಕಾಫಿ ಲೋಟವನ್ನೂ ಎತ್ತದಾಯಿತು. ಅಂಗಡಿ ಮುಚ್ಚಿ, ಮೆಷೀನು ಮನೆಗೆ ಬಂತು. ಗಂಡನಿಂದ ಕಲಿತಿದ್ದ ವಿದ್ಯೆ ಬಾಯಿಯ ಕೈಹಿಡಿಯಿತು. ಕಜೆತಾನರು ತಮಗೆಂದು ಇಟ್ಟಿದ್ದ ಬಟ್ಟೆ ಕತ್ತರಿ ಕಾಣದೆ ಅಲ್ಮಾರಿನಲ್ಲಿ ನನ್ನ ಕೆಳಗೆ ಮಡಚಿ ಕೂತಿತು.

ತಂಡ ಹೊರಡುವ ಹೊತ್ತಿಗೆ ಪಕ್ಕದ ಮನೆಯ ಹಿಲ್ಡಾ ಬಂದರು. ಅವರೂ ಅದೇ ತಂಡದವರು. ಕೋಟಿನ ಮಾತು ಎತ್ತಲು ಅವರಿಗೆ ನಾಚಿಕೆ. ಮಂಚದ ಮೇಲಿಂದ ಕಜೆತಾನರೇ ಹೇಳಿದರು: "ಅದು ಅಲ್ಮಾರಿನಲ್ಲಿ ಇದ್ದು ಎಂತ ಮಾಡುದು? ಹಿಲ್ಡಾ ಹಾಕಿಕೊಂಡು ಹೋಗ್ಲಿ."

ನನಗೆ ಸಿಟ್ಟು ಬಂತು, ಮುಚ್ಚಿಡುವುದಿಲ್ಲ. ಹಿಲ್ಡಾ ನನ್ನ ಯಜಮಾನಿಗಿಂತ ದುಂಡಗೆ. ಎಲ್ಲಿ ಬಿಚ್ಚಬೇಕು, ಎಷ್ಟು ಬಿಡಬೇಕು ಎಂದು ಗಂಡ ತೊದಲುತ್ತ ಹೇಳಿದರು, ಹೆಂಡತಿ ಹಾಗೆಯೇ ಮಾಡಿದರು. ಯಾರಿಗೆಂದು ಹುಟ್ಟಿದೆನೋ ಅವರನ್ನು ಬಿಟ್ಟು, ಇನ್ನೊಬ್ಬರ ಬೆನ್ನಿನ ಮೇಲೆ ನಾನು ಮೊದಲ ಸಲ ಪೋರ್ಚುಗಲ್ ನೋಡಿದೆ.

ಹಿಲ್ಡಾ ವಾಪಸು ಬಂದವರು ಮಂಚದ ಹತ್ತಿರ ಸ್ಟೂಲು ಎಳೆದು ಕೂತರು. ಹೇಳಲು ಅವರಿಗೆ ಬೇಕಾದಷ್ಟಿತ್ತು. ಲಿಸ್ಬನ್ನಿನ ಹಳದಿ ಟ್ರಾಮಿನಲ್ಲಿ ಕಿಟಕಿಯ ಹೊರಗೆ ನೋಡುತ್ತ ನಿಂತಾಗ ಯಾರೋ ನನ್ನ ಹೊರ ಜೇಬಿನಿಂದ ಅವರ ಪರ್ಸು ಎಗರಿಸಿದ್ದರು. ಕಜೆತಾನರು ಕಣ್ಣು ಮುಚ್ಚಿ ಕೇಳಿಸಿಕೊಂಡರು. "ಒಳಜೇಬು ಇಡ್ಲಿಲ್ಲ ನಾನು. ಸೆವ್ರಿನ್, ನನ್ನ ಬಟ್ಟೆಯಿಂದ ಒಂದು ತುಂಡು ತೆಗಿ. ಎದೆಯ ಹತ್ತಿರ ಜೇಬು, ಮೇಲೆ ಗುಂಡಿ." ಹೀಗೆ ಅವರ ಹುಟ್ಟದ ಕೋಟಿನ ಮೊದಲ ತುಂಡು ನನ್ನೊಳಗೆ ಸೇರಿತು.

ಅಲ್ಲಿಂದ ಅದೊಂದು ಪದ್ಧತಿಯೇ ಆಯಿತು. ಪೋರ್ಚುಗಲ್ಲಿಗೆ ಹೋಗುವವರು ನನ್ನನ್ನು ಒಯ್ಯುವುದು, ಬಂದವರು ಸ್ಟೂಲಿನ ಮೇಲೆ ಕೂತು ವರದಿ ಒಪ್ಪಿಸುವುದು. ಲಿಲ್ಲಿ ಟೀಚರು ಫೆಬ್ರವರಿಯಲ್ಲಿ ಹೋದರು. ಅಲ್ಲಿ ಬಿಸಿಲಿಗಿಂತ ಮಳೆ ಜಾಸ್ತಿ. ಕಡಲ ಗಾಳಿಗೆ ಅವರ ಕೊಡೆ ಉಲ್ಟಾ ಆಗಿ, ಅದನ್ನು ಸರಿ ಮಾಡಲು ಹೋಗಿ ನುಣುಪು ಕಲ್ಲಿನ ರಸ್ತೆಯಲ್ಲಿ ಜಾರಿ ಕೂತರು. ಕಜೆತಾನರ ಬಟ್ಟೆಯಿಂದ ನನ್ನ ಕಾಲರಿಗೊಂದು ತಲೆಟೋಪಿ ಬಂತು. ಆಮೇಲೆ ಬೇಕರಿಯ ಸ್ಟ್ಯಾನಿ. ಹೆಂಗಸಿನ ಕೋಟು ಎಂದು ಮೂಗು ಮುರಿಯದೆ ಹಾಕಿಕೊಂಡ ಗಂಡಸು ಅವನೊಬ್ಬನೇ. ಪೋರ್ಟೊದ ಹಳೆಯ ಹೋಟೆಲಿನಲ್ಲಿ ಹೊರಗಿಂತ ಒಳಗೆ ಚಳಿ ಹೆಚ್ಚಾಗಿ, ಪಾಪ, ನನ್ನನ್ನು ಹೊದ್ದೇ ಮಲಗಿದ. ಅವನ ಮೊಣಕಾಲು ಮುಚ್ಚಲೆಂದು ನನ್ನ ಅಂಚು ಉದ್ದವಾಯಿತು. ಕೆಟ್ಟ ಮೇಲೆ ಬುದ್ಧಿ ಬಂತು ಅನ್ನುವುದು ಮನುಷ್ಯರಿಗೆ. ಅವರು ಕೆಟ್ಟಾಗಲೆಲ್ಲ ನನಗೆ ಒಂದು ಹೊಲಿಗೆ ಬರುತ್ತಿತ್ತು.

ವರದಿ ಕೇಳುವಾಗ ಕಜೆತಾನರ ಪ್ರಶ್ನೆ ಒಂದೇ: "ಕೋಟು ಹೇಗೆ ಕೂತಿತ್ತು?" ಉಳಿದದ್ದೆಲ್ಲ ಬಾಯಿಯದು. ನದಿ ಯಾವ ಕಡೆಗೆ, ಬೆಳಿಗ್ಗೆ ಏನು ತಿನ್ನುತ್ತಾರೆ, ಮೀನು ಹೇಗೆ ಹುರಿಯುತ್ತಾರೆ, ಇಳಿಯುವ ಸ್ಟಾಪು ಯಾವುದು. ಹೀಗೆ ಕೇಳಿ ಕೇಳಿ, ಕುಲಶೇಖರ ದಾಟದ ಸೆವ್ರಿನ್ ಬಾಯಿ ಪೋರ್ಚುಗಲ್ಲಿನ ಮೂಲೆಮೂಲೆ ಬಲ್ಲವರಾದರು. ಬೋಂದೆಲ್, ಬಿಜೈ ಕಡೆಯವರೂ ಟಿಕೇಟು ಮಾಡಿಸುವ ಮೊದಲು ಬರತೊಡಗಿದರು. ಬಾಯಿ ಮೆಷೀನು ತುಳಿಯುತ್ತಲೇ ಬುದ್ಧಿ ಹೇಳುತ್ತಿದ್ದರು.

"ಅಡಿಯಲ್ಲಿ ರಬ್ಬರ್ ಇರುವ ಶೂ ತಗೊಳ್ಳಿ. ಚಂದದ ಚಪ್ಪಲಿ ಮದುವೆಗೆ ಇರ್ಲಿ. ಹೋಟೆಲಿನಲ್ಲಿ ಕೂತ ಕೂಡ್ಲೇ ಬ್ರೆಡ್ಡು, ಆಲಿವ್ ತಂದಿಡ್ತಾರೆ. ಅದು ನಮ್ಮ ಮನೆಯ ಉಪಚಾರ ಅಲ್ಲ, ಮುಟ್ಟಿದ್ರೆ ಬಿಲ್ಲಿಗೆ ಬರ್ತದೆ. ಬೇಡದಿದ್ರೆ ನಗಾಡಿಕೊಂಡು ವಾಪಸು ಕಳಿಸಿ, ಯಾರೂ ಬೇಜಾರು ಮಾಡುದಿಲ್ಲ. ಬರೀ ಕಾಫಿ ಅಂದ್ರೆ ಒಂದು ಗುಟುಕು ಕಷಾಯ ಕೊಡ್ತಾರೆ. ಹಾಲು ಹಾಕಿದ್ದು ಬೇಕಾದ್ರೆ ಗಲಾಂವ್ ಅನ್ಬೇಕು. ರಾತ್ರಿ ಊಟ ಅಲ್ಲಿ ತಡ, ಬ್ಯಾಗಿನಲ್ಲಿ ಸ್ವಲ್ಪ ಚಕ್ಕುಲಿ ಇರ್ಲಿ. ಸಿಂತ್ರಾ ಗುಡ್ಡಕ್ಕೆ ಬೆಳಿಗ್ಗೆಯೇ ಹೋಗಿ, ಆಮೇಲೆ ಕಾಲಿಡ್ಲಿಕ್ಕೆ ಜಾಗ ಇಲ್ಲ. ಫಾತಿಮಾದಲ್ಲಿ ಹದಿಮೂರನೇ ತಾರೀಕಿನ ಹಬ್ಬಕ್ಕೆ ಹೋಗುದಾದ್ರೆ ತಿಂಗಳುಗಟ್ಟಲೆ ಮೊದ್ಲೇ ರೂಮು ನೋಡಿ. ಮತ್ತೆ, ನಿಮ್ಮ ಹೆಸರು ಡಿಸೋಜ ಅಂತ ಕಂಡು ಅವರು ಗಡಗಡ ಪೋರ್ಚುಗೀಸ್ ಮಾತಾಡ್ತಾರೆ. ತಲೆ ಅಲ್ಲಾಡಿಸ್ಬೇಡಿ. ಇಂಡಿಯಾದವರು ಅಂತ ಮೊದ್ಲೇ ಹೇಳಿ."

"ಅಷ್ಟು ಗೊತ್ತುಂಟಲ್ಲ ಬಾಯಿ, ನೀವು ಯಾವಾಗ ಹೋದದ್ದು?" ಎಂದು ಗೊತ್ತಿಲ್ಲದವರು ಕೇಳುತ್ತಿದ್ದರು.

"ಇವರನ್ನು ಬಿಟ್ಟು ನಾನು ಎಲ್ಲಿಗೆ ಹೋಗುದು?"

ಆಗೆಲ್ಲ ಕಜೆತಾನರು ಗೋಡೆಯ ಕಡೆ ಮುಖ ತಿರುಗಿಸುತ್ತಿದ್ದರು. ಬಾಯಿ ಒಮ್ಮೆಯಾದರೂ ಹೋಗಬೇಕು, ನನ್ನನ್ನು ಹಾಕಿಕೊಂಡೇ ಹೋಗಬೇಕು ಎಂಬುದು ನನ್ನ ಆಸೆ. ಮಂಚದ ಮೇಲಿದ್ದವರಿಗೂ ಅದೊಂದೇ ಆಸೆ ಉಳಿದಿತ್ತು ಎಂದು ನನಗೆ ಗೊತ್ತಿತ್ತು. ಹಿಲ್ಡಾ ನೇರವಾಗಿ ಹೇಳಿ ನೋಡಿದರು, ಪಾದ್ರಿಗಳೂ ಹೇಳಿದರು. ಬಾಯಿ ಕಿವಿಗೆ ಹಾಕಿಕೊಳ್ಳಲಿಲ್ಲ. ವರ್ಷಗಳು ಹೋದವು. ನಾನೂ ಸವೆದೆ.

ಒಂದು ಮಳೆಗಾಲ ಕಜೆತಾನರು ಹೇಳಿದರು: "ಬೋಂದೆಲಿನ ಒಬ್ಬಳಿಗೆ ಕೋಟು ಬೇಕಂತೆ. ಹಿಲ್ಡಾ ಅಳತೆ ಹೇಳಿ ಹೋಗಿದ್ದಾಳೆ. ನಾನು ಹೇಳ್ತಾ ಹೋಗ್ತೇನೆ, ನೀನು ಹೊಲಿ."

ಬಾಯಿ ನನ್ನ ಹೊಲಿಗೆ ಬಿಚ್ಚಿದರು, ಕಜೆತಾನರು ಹೇಳುತ್ತ ಹೋದರು. ಸೊಂಟದಲ್ಲಿ ಒಳಗೆ ಹಿಡಿಯಬೇಕು. ತೋಳು ಸ್ವಲ್ಪ ಮೇಲೆ ಹೋಗಬೇಕು. ಕುತ್ತಿಗೆಯ ಹಿಂದೆ ಸಡಿಲ ಬೇಕು, ಆಕೆ ಮುಂದಕ್ಕೆ ಬಾಗಿದ್ದಾಳೆ. ಕೊನೆಗೆ ಅವರು ಹೇಳಿದರು: "ಬಲ ಭುಜ ಇಳಿಸು."

"ಎರಡೂ ಭುಜವಾ?"

"ಬಲದ್ದು ಮಾತ್ರ. ಒಂದು ಬೆರಳಿನಷ್ಟು."

"ಎಂತ ಹೆಂಗಸು ಮಾರಾಯ್ರೆ ಅದು, ಒಂದೇ ಭುಜ ಇಳಿದದ್ದು? ನೀರು ಹೊರ್ತಾಳಾ?"

ಬಾಯಿ ಹೊಲಿದು ಮುಗಿಸಿ, ಇಸ್ತ್ರಿ ಹಾಕಿ, ಗೋಡೆಯ ಮೊಳೆಗೆ ತೂಗುಹಾಕಲು ಹೋದಾಗ ಕಜೆತಾನರು ಎಡಗೈ ಎತ್ತಿ ತಡೆದರು. "ಒಮ್ಮೆ ಹಾಕಿ ತೋರ್ಸು. ಬೀಳುದು ನೋಡ್ಬೇಕು."

ಬಾಯಿ ನನ್ನನ್ನು ತೊಟ್ಟರು. ಎಲ್ಲಿಯೂ ಒಂದು ಸುಕ್ಕಿಲ್ಲ. ಸೊಂಟ ಸೊಂಟದಲ್ಲಿ, ಕುತ್ತಿಗೆ ಕುತ್ತಿಗೆಯಲ್ಲಿ, ಇಳಿದ ಬಲ ಭುಜದ ಮೇಲೆ ಇಳಿದ ಬಲ ಭುಜ. ಹೊತ್ತುಹೊತ್ತಿಗೆ ಗಂಡನ ತೋಳನ್ನು ಆ ಭುಜದ ಮೇಲೆ ಹಾಕಿಕೊಂಡು ಎಬ್ಬಿಸಿ, ಕೂರಿಸಿ, ಬಚ್ಚಲಿಗೆ ಕರೆದೊಯ್ದ ಹೆಂಗಸು ಅವರು. ಭುಜ ಇಳಿದದ್ದು ಅವರಿಗೇ ಗೊತ್ತಿರಲಿಲ್ಲ. ಅಲ್ಮಾರಿನ ಕನ್ನಡಿಯ ಮುಂದೆ ನಿಂತು, ಆ ಭುಜದ ಮೇಲೆ ಕೈ ಇಟ್ಟುಕೊಂಡು ಬಾಯಿ ಅತ್ತರು. ನನಗೂ ಅಳು ಬರುವುದಿದ್ದರೆ ಅವತ್ತೇ ಬರಬೇಕಿತ್ತು.

"ನವೆಂಬರಿನ ತಂಡಕ್ಕೆ ಹಿಲ್ಡಾ ನಿನ್ನ ಹೆಸರು ಹೇಳಿಟ್ಟಿದ್ದಾಳೆ," ಎಂದರು ಕಜೆತಾನರು. "ಪಾಸ್‌ಪೋರ್ಟು, ವೀಸಾ ನೀನೇ ಓಡಾಡಿ ಮಾಡ್ಬೇಕು. ಇಲ್ಲಿ ನನ್ನನ್ನು ನೋಡ್ಲಿಕ್ಕೆ ಜನ ಉಂಟು."

ಜನ ಯಾರು ಎಂದರೆ ನನ್ನನ್ನು ತೊಟ್ಟವರೇ. ಬೆಳಿಗ್ಗೆ ಸ್ನಾನ, ಕ್ಷೌರ ಸ್ಟ್ಯಾನಿಯದು. ಮಧ್ಯಾಹ್ನದ ಗಂಜಿ ಲಿಲ್ಲಿ ಟೀಚರದು. ರಾತ್ರಿ ಹಿಲ್ಡಾ ಮತ್ತು ಅವರ ಗಂಡ. ಬಾಯಿಗೆ ಇಲ್ಲವೆನ್ನಲು ನೆಪವೇ ಉಳಿಯಲಿಲ್ಲ.

ಹೋದರು. ಜೇಬಿನ ಗುಂಡಿ ಹಾಕಿಕೊಂಡು ಟ್ರಾಮು ಹತ್ತಿದರು. ಆಲಿವ್ ಬಟ್ಟಲನ್ನು ನಗುತ್ತ ಹಿಂದೆ ಕಳಿಸಿದರು. ಗಲಾಂವ್ ಕುಡಿದರು, ಜಾರಲಿಲ್ಲ, ದಾರಿ ತಪ್ಪಲಿಲ್ಲ. ತಂಡದವರಿಗೆಲ್ಲ ಅವರೇ ಗೈಡು. ಆದರೆ ಹೊಸದೇನಾದರೂ ಕಂಡಾಗಲೆಲ್ಲ ಬಲಕ್ಕೆ ತಿರುಗಿ ಏನೋ ಹೇಳಲು ಹೊರಡುತ್ತಿದ್ದರು. ಅಲ್ಲಿ ಯಾರೋ ಗೊತ್ತಿಲ್ಲದವರು ನಿಂತಿರುತ್ತಿದ್ದರು. ಬಾಯಿ ಮುಂದೆ ನಡೆಯುತ್ತಿದ್ದರು. ಎಷ್ಟೋ ಜನರ ಸಂತೋಷ ಕಂಡ ರಸ್ತೆಗಳಲ್ಲಿ ನಾನು ಇವರ ಒಂಟಿತನ ಕಂಡೆ.

ಪೋರ್ಟೊದ ಒಂದು ಓಣಿಯಲ್ಲಿ ಮುದುಕ ಟೈಲರೊಬ್ಬ ಬಾಗಿಲ ಬೆಳಕಿನಲ್ಲಿ ಕೂತು ಕಾಜಾ ಹೊಲಿಯುತ್ತಿದ್ದ. ಬಾಯಿ ನಿಂತು ನೋಡಿದರು. ಅವನ ಕಣ್ಣು ನನ್ನ ಮೇಲೆ ಬಿತ್ತು. ಎದ್ದು ಬಂದು, ಅಪ್ಪಣೆ ಕೇಳುವವನಂತೆ ತಲೆ ಬಗ್ಗಿಸಿ, ಬಲ ಭುಜದ ಹೊಲಿಗೆಯ ಮೇಲೆ ಹೆಬ್ಬೆರಳು ಎಳೆದ. ಬಾಯಿಯ ಭುಜ ನೋಡಿದ. ಮತ್ತೆ ಹೊಲಿಗೆ ನೋಡಿದ. ಅವನ ಭಾಷೆಯಲ್ಲಿ ಏನೋ ಕೇಳಿದ.

"ನನ್ನ ಗಂಡ," ಎಂದರು ಬಾಯಿ ಕೊಂಕಣಿಯಲ್ಲಿ, ಬೆರಳಿನ ಉಂಗುರ ತೋರಿಸಿ. ಮುದುಕ ತನ್ನ ಟೋಪಿ ತೆಗೆದ.

ಮನೆಗೆ ಬಂದು ಬಾಯಿ ಇದನ್ನೇ ಮೊದಲು ಹೇಳಿದರು. ಸ್ಟೂಲಿನ ಮೇಲೆ ಅವತ್ತು ಅವರೇ ಕೂತಿದ್ದರು. ಕಜೆತಾನರು ಆ ಟೋಪಿ ತೆಗೆದ ಮಾತನ್ನು ಎರಡು ಸಲ ಹೇಳಿಸಿಕೊಂಡರು. ಆಮೇಲೆ ಯಾವಾಗಲೂ ಕೇಳುವುದನ್ನು ಕೇಳಲಿಲ್ಲ. "ನಿನಗೆ ಖುಷಿ ಆಯ್ತಾ?" ಎಂದರು.

"ಆಯ್ತು. ಅರ್ಧ."

ಕಜೆತಾನರು ತೀರಿಕೊಂಡು ಈಗ ಕೆಲವು ವರ್ಷಗಳಾದವು. ನನಗೆ ವಯಸ್ಸಾಗಿದೆ. ಮೊಣಕೈ ತೆಳ್ಳಗಾಗಿದೆ, ನುಸಿಗುಳಿಗೆಯ ವಾಸನೆ ಮೈಗೆ ಹತ್ತಿದೆ. ಅವರ ಬಟ್ಟೆಯಲ್ಲಿ ತುಂಡೂ ಉಳಿದಿಲ್ಲ, ಇರುವುದೆಲ್ಲ ನನ್ನಲ್ಲೇ ಇದೆ. ಹಾಗಾಗಿ ಅಲ್ಮಾರಿನಲ್ಲಿ ನೇತಾಡುತ್ತ ಇರುವುದು ಒಂದು ಕೋಟೋ ಎರಡೋ ಎಂದು ನನಗೇ ಒಮ್ಮೊಮ್ಮೆ ಅನುಮಾನ ಬರುತ್ತದೆ.

ಮೊನ್ನೆ ಹಿಲ್ಡಾರ ಅಣ್ಣನ ಸೊಸೆ ರೀಮಾ ಬಂದಿದ್ದಳು. ಹೊಸದಾಗಿ ಮದುವೆಯಾದವಳು. ಗೆಳತಿಯರ ಜೊತೆ ಡಿಸೆಂಬರಿನಲ್ಲಿ ಪೋರ್ಚುಗಲ್ಲಿಗೆ ಹೊರಟಿದ್ದಳು. ನನ್ನನ್ನು ತೊಟ್ಟು ಕನ್ನಡಿಯ ಮುಂದೆ ನಿಂತಳು. ಬಲಗಡೆ ಜೋಲು.

"ಆಂಟಿ, ಈ ಭುಜ ಒಂದು ಸರಿ ಮಾಡಿ ಕೊಡ್ತೀರಾ?"

"ಅದಕ್ಕೆ ಕತ್ತರಿ ಹಾಕುದಿಲ್ಲ ನಾನು. ಬುದ್ಧಿ ಎಷ್ಟು ಬೇಕಾದ್ರೂ ಕೊಡ್ತೇನೆ." ಬಾಯಿ ನನ್ನನ್ನು ಅವಳಿಂದ ಬಿಡಿಸಿ ಮಡಿಲಿನಲ್ಲಿ ಇಟ್ಟುಕೊಂಡರು. "ಗಂಡ ಬರುದಿಲ್ವಾ?"

"ಅವರಿಗೆ ರಜೆ ಇಲ್ಲ ಆಂಟಿ. ಮುಂದಿನ ಸಲ ಇಬ್ಬರೂ ಹೋಗ್ತೇವೆ."

ಬಾಯಿ ನನ್ನ ಕಾಲರು ನೀವಿದರು.

"ಶೂ, ಕೊಡೆ, ಕಾಫಿ, ಎಲ್ಲ ಆಮೇಲೆ ಹೇಳ್ತೇನೆ," ಎಂದರು. "ಮೊದಲು ಅವನಿಗೆ ಫೋನ್ ಮಾಡು. ಇಲ್ಲೇ, ನನ್ನ ಎದುರೇ. ರಜೆ ಯಾವಾಗ ಸಿಗ್ತದೆ ಕೇಳು, ಅದು ನೋಡಿ ಟಿಕೇಟು ಮಾಡು."

ರೀಮಾ ನಕ್ಕಳು. ಬಾಯಿ ನಗಲಿಲ್ಲ. ಅವರ ಮುಖ ನೋಡಿ ಹುಡುಗಿ ಫೋನ್ ಕೈಗೆತ್ತಿಕೊಂಡಳು.