ಕಿಟಕಿ ಮುಚ್ಚುವ ಕೆಲಸ

ಊಟದ ನಡುವೆ ಸೋಮಣ್ಣ ಎದ್ದು ಹೋಗಿ ಅಡುಗೆಮನೆಯ ಕಿಟಕಿ ಮುಚ್ಚಿದ. ಎದ್ದದ್ದೂ ಮೆಲ್ಲಗೆ, ಮುಚ್ಚಿದ್ದೂ ಮೆಲ್ಲಗೆ. ಆದರೂ ಅವನ ತಾಯಿ ಶಿವದೇವಿಯ ಕೈಯಲ್ಲಿದ್ದ ರೊಟ್ಟಿಯ ತುತ್ತು ಬಾಯಿಗೆ ಹೋಗಲಿಲ್ಲ.

ಆಗಿದ್ದಿಷ್ಟೆ. ಸೋಮಣ್ಣ ಬಡ್ತಿಯ ಪರೀಕ್ಷೆಯಲ್ಲಿ ಫೇಲಾದ ಸುದ್ದಿಯನ್ನು ಹೆಂಡತಿ ನೀಲಾ ಮೇಲಿನ ಮನೆಯ ತೆಲುಗು ಹೆಂಗಸಿಗೆ ಹೇಳಿಬಿಟ್ಟಿದ್ದಳು. ಅದನ್ನು ಈಗ ನಗುತ್ತ ಒಪ್ಪಿಕೊಂಡಿದ್ದಳು. ಮದುವೆಯಾಗಿ ಮೂರು ತಿಂಗಳಾದ ಹುಡುಗಿ, ನಗಬಾರದ ಹೊತ್ತು ಯಾವುದೆಂದು ಅವಳಿಗೆ ಯಾರು ಹೇಳಿಕೊಟ್ಟಿದ್ದರು? ಭಾನುವಾರವೆಂದು ಶಿವದೇವಿ ಸಿಕಂದರಾಬಾದಿನಿಂದ ಬಸ್ಸು ಹಿಡಿದು ಊರಿನ ಇನ್ನೊಂದು ತುದಿಯ ಮಿಯಾಪುರದ ಈ ಫ್ಲಾಟಿಗೆ ಬಂದಿದ್ದಳು.

"ಇಷ್ಟು ಶೆಕಿ ಐತಿ, ಯಾಕ ಮುಚ್ಚಾಕತ್ತೀರಿ?" ಎಂದಳು ನೀಲಾ.

ಸೋಮಣ್ಣ ಬಾಲ್ಕನಿಯ ಬಾಗಿಲು ಹಾಕಲು ಹೋದ.

ಶಿವದೇವಿಯ ಗಂಡ ಬಸವಲಿಂಗಪ್ಪ ಬದುಕಿದ್ದಾಗ ಅವರಿದ್ದದ್ದು ಫ್ಯಾಕ್ಟರಿ ಕ್ವಾರ್ಟರ್ಸಿನಲ್ಲಿ. ಎರಡು ಮನೆಗೆ ಒಂದೇ ಗೋಡೆ. ಅವನು ಹೊಡೆಯುವುದು ಪಕ್ಕದವರಿಗೆ ಕೇಳಿದರೆ ಮಾನ ಹೋಗುತ್ತಿತ್ತು, ಅದೂ ಹೊಡೆಸಿಕೊಂಡವಳ ಮಾನ. ಅವನ ಮುಖ ಕೆಂಪಾದ ಕೂಡಲೇ ಅವಳು ಮಗನಿಗೆ ಕಣ್ಸನ್ನೆ ಮಾಡುತ್ತಿದ್ದಳು. ಆರು ವರ್ಷದ ಸೋಮಣ್ಣ ಓಡಿಹೋಗಿ ಮೊದಲು ಅಡುಗೆಮನೆಯ ಕಿಟಕಿ, ಆಮೇಲೆ ಹಿಂದಿನ ಬಾಗಿಲು, ಕೊನೆಗೆ ಮಲಗುವ ಕೋಣೆಯದು ಮುಚ್ಚಿ, ರೇಡಿಯೋ ಜೋರು ಮಾಡುತ್ತಿದ್ದ. "ಶಾಣ್ಯಾ ನನ್ನ ಮಗ" ಎಂದು ಆಮೇಲೆ ಊದಿದ ಕೈಯಿಂದಲೇ ಅವನ ತಲೆ ಸವರುತ್ತಿದ್ದಳು.

"ನಮ್ಮ ಮನಿ ಗಂಡಸರ ರಕ್ತನ ಬಿಸಿ, ಏನು ಮಾಡಾಕ ಬರ್ತೈತಿ" ಎಂದು ಅವಳ ಅತ್ತೆ ಅನ್ನುತ್ತಿದ್ದಳು. ಆ ಒಂದು ಮಾತು ಶಿವದೇವಿಯನ್ನು ಮೂವತ್ತು ವರ್ಷ ಹೆದರಿಸಿತು. ಒಲೆಯ ಮೇಲಿನ ಹಾಲು ಕಾಯುವಂತೆ ಮಗನನ್ನು ಕಾಯ್ದಳು. ಹಣೆಯ ನರ ಉಬ್ಬುತ್ತದೆಯೇ, ಅಪ್ಪನಂತೆ ದವಡೆ ಬಿಗಿಯುತ್ತದೆಯೇ ಎಂದು ನೋಡಿದ್ದೇ ನೋಡಿದ್ದು. ಹುಡುಗ ಇರುವೆ ತುಳಿಯದವನಾಗಿ ಬೆಳೆದ. ರಕ್ತ ಈ ಸಲ ಕೈಬಿಟ್ಟಿತೆಂದು ನಂಬಿ ಮದುವೆ ಮಾಡಿದಳು. ನೋಡಬೇಕಾದದ್ದು ನರವನ್ನಲ್ಲ ಎಂದು ಆ ಪುಣ್ಯಾತಗಿತ್ತಿಗೆ ಹೊಳೆಯಲೇ ಇಲ್ಲ.

ಮಲಗುವ ಕೋಣೆಯ ಕಿಟಕಿಯ ಚಿಲಕ ಬಿತ್ತು. ಟಿವಿ ಜೋರಾಯಿತು. ಇದರ ಮುಂದೆ ಏನೆಂದು ಈ ಮನೆಯಲ್ಲಿ ಗೊತ್ತಿದ್ದದ್ದು ಶಿವದೇವಿಯೊಬ್ಬಳಿಗೇ.

"ನೀಲಾ, ಏಳು. ಹೊರಗ ನಡಿ."

"ಉಣ್ಣಾಕತ್ತೀನಲ್ಲರಿ ಅತ್ತಿ."

"ಎಂಜಲಗೈಲೇ ನಡಿ."

ಸೋಮಣ್ಣ ಬಂದು ಬಾಗಿಲಿಗೆ ಅಡ್ಡ ನಿಂತ. "ಏನಾತವ್ವ? ಮಂದಿ ಕೇಳಬಾರದಂತ ಮುಚ್ಚೀನಿ, ಅಷ್ಟ."

"ಏನು ಕೇಳಬಾರದಂತ?"

ಅವನು ತನ್ನ ಬಲಗೈ ನೋಡಿಕೊಂಡ. ಅದು ಮುಷ್ಟಿಯಾಗಿತ್ತು. ಆ ಮುಷ್ಟಿಗಿಂತ ಅವನ ಮುಖ ನೋಡಿ ಶಿವದೇವಿಗೆ ಹೆಚ್ಚು ಭಯವಾಯಿತು; ತಾನು ಹೊಡೆಯಲು ಹೊರಟಿದ್ದೇನೆಂದು ಅವನಿಗೂ ಆಗಷ್ಟೇ ಗೊತ್ತಾದಂತಿತ್ತು.

"ಅಪ್ಪನ ರಕ್ತ ಅವ್ವ," ಎಂದ, ಅಳುವ ದನಿಯಲ್ಲಿ. "ನಾ ಏನು ಮಾಡ್ಲಿ."

"ರಕ್ತದ ಸುದ್ದಿ ಬಿಡು. ಕಿಟಕಿ ಮುಚ್ಚೂದು ರಕ್ತ ಕಲಿಸಲಿಲ್ಲ, ನಾ ಕಲಿಸೀನಿ. ದಾರಿ ಬಿಡು."

ಅವನು ಸರಿದ.

ನೀಲಾ ಕೆಳಗಿನ ನಲ್ಲಿಯಲ್ಲಿ ಕೈ ತೊಳೆದಳು. ಬಸ್‌ ಸ್ಟಾಪಿನಲ್ಲಿ ಶಿವದೇವಿ ತಡೆತಡೆದು ಎಲ್ಲವನ್ನೂ ಹೇಳಿದಳು. ನೀಲಾ ಅಡ್ಡಬಾಯಿ ಹಾಕದೆ ಕೇಳಿದಳು.

"ಹುಡುಗನ ಸ್ವಭಾವ ಹೆಂಗ ಅಂತ ನಮ್ಮಪ್ಪ ಕೇಳಿದಾಗ ಏನಂದ್ರಿ, ಅತ್ತಿ?"

"ಭಾಳ ಸಮಾಧಾನದವ ಅಂದೆ."

"ನಿಮ್ಮ ಮನಿ ಸುದ್ದಿ?"

ಶಿವದೇವಿ ಸೆರಗಿನ ಗಂಟು ಬಿಚ್ಚಿ ಬಸ್ಸಿನ ಚಿಲ್ಲರೆ ಎಣಿಸಿದಳು. ಬಸ್ಸು ಬಂತು. ಹೆಂಗಸರ ಸೀಟಿನಲ್ಲಿ ಅವಳು ಸರಿದು ಜಾಗ ಮಾಡಿದಳು. ನೀಲಾ ಅವಳನ್ನು ದಾಟಿ ಹೋಗಿ, ಹಿಂದೆ ಒಬ್ಬಳೇ ಕೂತಳು.